ಎರಡನೇ ನಂಬರ್ ರಿಟಾರ್ಟಿನ ಹನ್ನೆರಡು ನಿಮಿಷ

17:20, 17:19, 17:20, 17:21, 17:20, 17:20. ಒಂದರ ಕೆಳಗೊಂದು ಆರು ಸಾಲು, ಆರೂ ಕೆಂಪು ಅಕ್ಷರದಲ್ಲಿ. ಮೊಬೈಲಿನಲ್ಲಿ ತೆಗೆದ ಕಾಗದದ ಫೋಟೊ ಅದು. ಸ್ವಲ್ಪ ಓರೆಯಾಗಿತ್ತು, ಮೂಲೆಯಲ್ಲಿ ಯಾರದೋ ಹೆಬ್ಬೆರಳು ಕಾಣುತ್ತಿತ್ತು. ಅದರ ಕೆಳಗೆ ನಮ್ಮ ಕಂಪನಿಯ ಮುಖ್ಯಸ್ಥರು ‘ಕಂಗ್ರಾಟ್ಸ್ ಮಾಲಿನಿ! 4.2 ಮೊದಲ ದಿನವೇ ಕೆಲಸ ತೋರಿಸಿತು’ ಎಂದು ಬರೆದು ಆಫೀಸಿನ ಗುಂಪಿಗೆ ಕಳಿಸಿದ್ದರು.

ಇದು ಎರಡು ವರ್ಷದ ಹಿಂದಿನ ಮಾವಿನ ಸೀಸನ್ನಿನ ಮಾತು. ಜೂನ್ ತಿಂಗಳ ಒಂದು ಮಂಗಳವಾರ. ಹೊಸೂರಿನ ಹನ್ನೊಂದು ಜನರ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನಾನು ರಿಲೀಸ್ ಎಂಜಿನಿಯರ್ ಆಗಿದ್ದೆ. ಪ್ರೋಗ್ರಾಂ ಬರೆಯುವವರು ಬೇರೆ. ಅವರು ಬರೆದು ಮುಗಿಸಿದ್ದನ್ನು ಪರೀಕ್ಷಿಸಿ, ಕಟ್ಟಿ, ಗ್ರಾಹಕರ ಯಂತ್ರಗಳಿಗೆ ಹಾಕಿ, ಅಲ್ಲಿ ಅದು ನೆಟ್ಟಗೆ ಓಡುತ್ತಿದೆ ಎಂದು ಖಾತ್ರಿ ಮಾಡಿಕೊಳ್ಳುವುದು ನನ್ನ ಕೆಲಸ. ಪ್ರತಿ ಹೊಸ ವರ್ಷನ್ನಿನ ಜೊತೆಗೆ ರಿಲೀಸ್ ನೋಟ್ ಎಂಬ ಒಂದು ಪುಟ ಹೋಗುತ್ತದೆ. ಈ ವರ್ಷನ್ನಿನಲ್ಲಿ ಏನು ಬದಲಾಗಿದೆ, ಗೊತ್ತಿರುವ ದೋಷಗಳೇನು ಎಂಬುದೆಲ್ಲ ಅದರಲ್ಲಿರುತ್ತದೆ. ಕೆಳಗಿನ ಸಹಿ ನನ್ನದು.

ನಮ್ಮ ಗ್ರಾಹಕರಲ್ಲಿ ಒಂದು ಮಾವಿನ ಪಲ್ಪ್ ಫ್ಯಾಕ್ಟರಿ ಸೂಳಗಿರಿಯಿಂದ ಬೇರಿಕೆಗೆ ಹೋಗುವ ರಸ್ತೆಯಲ್ಲಿತ್ತು. ಅಲ್ಲಿ ತೋತಾಪುರಿ ಹಣ್ಣಿನ ತಿರುಳನ್ನು ದೊಡ್ಡ ಡಬ್ಬಿಗಳಿಗೆ ತುಂಬಿ, ಮುಚ್ಚಿ, ರಿಟಾರ್ಟಿನಲ್ಲಿ ಬೇಯಿಸುತ್ತಾರೆ. ರಿಟಾರ್ಟ್ ಎಂದರೆ ಆವಿ ಬಿಡುವ, ಭಾರದ ಮುಚ್ಚಳವಿರುವ ಉಕ್ಕಿನ ದೊಡ್ಡ ತೊಟ್ಟಿ. ಡಬ್ಬಿಗಳು ಅದರೊಳಗೆ ನೂರು ಡಿಗ್ರಿಯಲ್ಲಿ ಮೂವತ್ತು ನಿಮಿಷ ಇರಬೇಕು. ಕಡಿಮೆಯಾದರೆ ಒಳಗಿನ ತಿರುಳು ಕೆಡುತ್ತದೆ, ಡಬ್ಬಿ ಉಬ್ಬುತ್ತದೆ. ಆ ಮೂವತ್ತು ನಿಮಿಷಕ್ಕೆ ಸಾಕ್ಷಿ ಹೇಳುವುದು ನಮ್ಮ ಸಾಫ್ಟ್‌ವೇರಿನ ಕೆಲಸ.

ಸಾಕ್ಷಿ ಮೂರು ಯಂತ್ರಗಳಲ್ಲಿ ಹಂಚಿಹೋಗಿತ್ತು. ರಿಟಾರ್ಟ್ ನಡೆಸುವವರ ಕೈಯಲ್ಲಿ ಒಂದು ಆಂಡ್ರಾಯ್ಡ್ ಟ್ಯಾಬ್. ಮೀಟರಿನ ಮುಳ್ಳು ನೂರಕ್ಕೆ ಬಂದಾಗ ಅವರು ‘ಶುರು’ ಒತ್ತಬೇಕು, ಮೂವತ್ತು ನಿಮಿಷ ಆಗಿ ಪರದೆ ಹಸಿರಾದಾಗ ‘ಮುಗಿಯಿತು’ ಒತ್ತಿ ಆವಿ ಮುಚ್ಚಬೇಕು. ರಿಟಾರ್ಟುಗಳ ಪಕ್ಕದ ಪ್ಯಾನೆಲ್ಲಿನಲ್ಲಿ ಲಿನಕ್ಸ್ ಓಡುವ ಒಂದು ಸಣ್ಣ ಪೆಟ್ಟಿಗೆ. ಅದು ಒಳಗಿನ ಉಷ್ಣತೆಯನ್ನು ಗಳಿಗೆಗಳಿಗೆಗೆ ಬರೆದುಕೊಳ್ಳುತ್ತದೆ. ಮೂರನೆಯದು ಮಹಡಿಯ ಲ್ಯಾಬಿನ ವಿಂಡೋಸ್ ಕಂಪ್ಯೂಟರ್. ಅದು ಇವೆರಡನ್ನೂ ಜೋಡಿಸಿ, ‘ಶುರು’ ಮತ್ತು ‘ಮುಗಿಯಿತು’ಗಳ ನಡುವೆ ಡಬ್ಬಿಗಳು ನಿಜಕ್ಕೂ ಎಷ್ಟು ಹೊತ್ತು ನೂರು ಡಿಗ್ರಿಯಲ್ಲಿದ್ದವು ಎಂದು ಲೆಕ್ಕ ಹಾಕಿ ವರದಿ ಮುದ್ರಿಸುತ್ತದೆ.

ಹಿಂದಿನ ಭಾನುವಾರ ನಾನೇ ಸ್ಕೂಟರಿನಲ್ಲಿ ಹೋಗಿ ಹೊಸ ವರ್ಷನ್ 4.2 ಹಾಕಿ ಬಂದಿದ್ದೆ. ಅಂದು ಫ್ಯಾಕ್ಟರಿಗೆ ರಜೆ. ಕಾವಲುಗಾರರನ್ನು ಬಿಟ್ಟರೆ ಯಾರೂ ಇರಲಿಲ್ಲ. ಲ್ಯಾಬಿನ ಕಂಪ್ಯೂಟರಿಗೆ ಹಾಕಿದೆ. ನಾಲ್ಕು ಟ್ಯಾಬುಗಳಲ್ಲಿ ಒಂದಕ್ಕೆ ಮಾತ್ರ ಹಾಕಿದೆ. ಹೊಸತನ್ನು ಮೊದಲು ಒಂದು ಕಡೆ ಹಾಕಿ, ಎರಡು ದಿನ ನೋಡಿ, ಆಮೇಲೆ ಉಳಿದವಕ್ಕೆ ಹಾಕುವುದು ನಮ್ಮ ವೃತ್ತಿಯ ಪದ್ಧತಿ. ಎಲ್ಲ ಕಡೆ ಒಟ್ಟಿಗೆ ಹಾಕಿ ಎಲ್ಲವೂ ಒಟ್ಟಿಗೆ ಕೆಡಬಾರದು ಎಂಬ ಎಚ್ಚರ. ಆ ಒಂದನ್ನು ಆರಿಸಿದವಳು ನಾನೇ. ಎರಡನೇ ನಂಬರಿನ ಟ್ಯಾಬ್. ಹಗಲು ಪಾಳಿಯಲ್ಲಿ ಮಾತ್ರ ಓಡುವ ಎರಡನೇ ರಿಟಾರ್ಟನ್ನು ನಡೆಸುತ್ತಿದ್ದವರು ರತ್ನಮ್ಮ. ಹಿಂದಿನ ತಿಂಗಳುಗಳ ದಾಖಲೆಯಲ್ಲಿ ಅವರ ಬಟನ್‌ಗಳು ಒಂದೂ ತಪ್ಪಿರಲಿಲ್ಲ. ಪ್ರಯೋಗಕ್ಕೆ ಅಂಥವರೇ ಬೇಕು ಎಂದು ನಾನು ತೀರ್ಮಾನಿಸಿದೆ. ಅವರಿಗೆ ಹೇಳಲಿಲ್ಲ. ಪರದೆ ಮೊದಲಿನಂತೆಯೇ ಕಾಣುತ್ತಿತ್ತು, ಹೇಳುವಂಥದ್ದೇನೂ ಇಲ್ಲ ಅನ್ನಿಸಿತ್ತು.

ಸೋಮವಾರ ರತ್ನಮ್ಮ ಆರು ಬ್ಯಾಚ್ ಬೇಯಿಸಿದರು. ಮಂಗಳವಾರ ಬೆಳಿಗ್ಗೆ ವರದಿ ಬಂತು: ಮೂವತ್ತು ನಿಮಿಷ ಇರಬೇಕಾದಲ್ಲಿ ಹದಿನೇಳು ನಿಮಿಷ. ಅಂದರೆ ಬಿಸಿ ಏರುವ ಮೊದಲೇ ಅವರು ‘ಶುರು’ ಒತ್ತಿ, ಪ್ರತಿ ಸಲವೂ ಹನ್ನೆರಡು ನಿಮಿಷ ಕದ್ದಿದ್ದಾರೆ. ಉಳಿದ ಮೂರು ರಿಟಾರ್ಟುಗಳ ವರದಿ ಸರಿಯಾಗಿತ್ತು. ಫ್ಯಾಕ್ಟರಿಯ ಗುಣಮಟ್ಟ ವಿಭಾಗದ ಮ್ಯಾನೇಜರ್ ಇಳಂಗೋ ಅವರು ನಮ್ಮ ಮುಖ್ಯಸ್ಥ ಗುರುಪ್ರಸಾದರಿಗೆ ಫೋನ್ ಮಾಡಿ ಧನ್ಯವಾದ ಹೇಳಿದ್ದರು. ಎರಡು ವರ್ಷದಿಂದ ಯಾರ ಕಣ್ಣಿಗೂ ಬೀಳದ ಮೋಸವನ್ನು ನಿಮ್ಮ ಹೊಸ ವರ್ಷನ್ ಒಂದೇ ದಿನದಲ್ಲಿ ಹಿಡಿಯಿತು ಎಂದಿದ್ದರಂತೆ.

ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಫೋಟೊವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ಮತ್ತೆ ದೊಡ್ಡದು ಮಾಡಿ ನೋಡಿದೆ. ಮೋಸ ಮಾಡುವವರು ಒಮ್ಮೆ ಐದು ನಿಮಿಷ ಕದಿಯುತ್ತಾರೆ, ಇನ್ನೊಮ್ಮೆ ಎಂಟು. ಆರು ಸಲವೂ ಒಂದೆರಡು ಸೆಕೆಂಡಿನ ವ್ಯತ್ಯಾಸದಲ್ಲಿ ಅಷ್ಟನ್ನೇ ಕದಿಯಲು ಮನುಷ್ಯರ ಕೈಗೆ ಸಾಧ್ಯವಿಲ್ಲ.

ಗುರುಪ್ರಸಾದರ ಕ್ಯಾಬಿನ್ನಿಗೆ ಹೋಗಿ, “ಸರ್, ನಾನು ಒಮ್ಮೆ ಅಲ್ಲಿಗೆ ಹೋಗಿಬರ್ತೀನಿ” ಎಂದೆ.

“ಯಾಕೆ?”

“ನಂಬರ್‌ಗಳು ತೀರಾ ಒಂದೇ ಥರ ಇವೆ.”

ಅವರು ನಕ್ಕರು. “ಹೊಗಳಿದವರ ಮನೆಗೇ ಹೋಗಿ ತಪ್ಪು ಹುಡುಕ್ತೀರಾ? ಕೃಷ್ಣಗಿರಿ ಕಡೆ ಇನ್ನೂ ಎರಡು ಪಲ್ಪ್ ಫ್ಯಾಕ್ಟರಿಯೋರು ಈ ವಾರ ಡೆಮೊ ಕೇಳಿದ್ದಾರೆ ಕಣ್ರೀ. ಇದೇ ಫೋಟೊ ತೋರಿಸೋಣ ಅಂತಿದ್ದೆ.” ಆಮೇಲೆ ನನ್ನ ಮುಖ ನೋಡಿ, “ಸರಿ, ಹೋಗಿ ಬನ್ನಿ. ಮಧ್ಯಾಹ್ನದೊಳಗೆ ವಾಪಸ್” ಎಂದರು.

ಸೂಳಗಿರಿಯವರೆಗೆ ಹೆದ್ದಾರಿ. ದಾರಿಯುದ್ದಕ್ಕೂ ನನ್ನ ಪರೀಕ್ಷಾ ಪಟ್ಟಿಯನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದೆ. ನಲವತ್ತೊಂದು ಸಾಲಿನ ಪಟ್ಟಿ ಅದು. ಆಫೀಸಿನ ಮೇಜಿನ ಮೇಲೆ ಒಂದು ವಿಂಡೋಸ್, ಒಂದು ಲಿನಕ್ಸ್ ಪೆಟ್ಟಿಗೆ, ಮೂರು ಟ್ಯಾಬ್ ಇಟ್ಟುಕೊಂಡು ನಲವತ್ತೊಂದನ್ನೂ ಗುರುತು ಹಾಕಿದ್ದೆ. ಬಿಟ್ಟುಹೋದದ್ದು ಯಾವುದು ಎಂದು ಎಷ್ಟು ಎಣಿಸಿದರೂ ಹೊಳೆಯಲಿಲ್ಲ.

ಲ್ಯಾಬಿನಲ್ಲಿ ಇಳಂಗೋ ಅವರು ಎದ್ದುನಿಂತು ಕೈಮುಗಿದರು. ಅವರು ಸೇಲಂ ಕಡೆಯವರು. ಕನ್ನಡ ಇಲ್ಲಿಗೆ ಬಂದಮೇಲೆ ಕಲಿತದ್ದು. “ಬಾಮ್ಮಾ, ಬಾ. ನಿಮ್ ಸಾಫ್ಟ್‌ವೇರ್ ಸೂಪರ್. ಆ ಲೇಡಿ ಮೇಲೆ ನನಗೆ ಎಷ್ಟು ನಂಬಿಕೆ ಇತ್ತು ಗೊತ್ತಾ? ನಾನೇ ಹಣ್ಣು ಆರಿಸೋ ಬೆಲ್ಟಿಂದ ಎತ್ತಿ ರಿಟಾರ್ಟ್‌ಗೆ ಹಾಕಿದ್ದು.”

“ಈಗ ಅವರು ಎಲ್ಲಿದ್ದಾರೆ ಸರ್?”

“ಮತ್ತೆ ಬೆಲ್ಟ್‌ಗೆ. ಒಪ್ಪಿಕೊಂಡು ಲೆಟರ್ ಬರೆದು ಕೊಟ್ಟಾಯ್ತು.” ಅವರು ಒಂದು ಫೈಲಿನಿಂದ ಕಾಗದ ತೆಗೆದು ತೋರಿಸಿದರು. ತಮಿಳಿನಲ್ಲಿ ಟೈಪ್ ಮಾಡಿದ ನಾಲ್ಕು ಸಾಲು. ರತ್ನಮ್ಮ ಎಂಬ ನಾನು ಮೀಟರ್ ನೂರಕ್ಕೆ ಬರುವ ಮುನ್ನ ಬಟನ್ ಒತ್ತಿದ್ದು ನಿಜ ಎಂದಿತ್ತು. ಕೆಳಗೆ ದುಂಡಗಿನ ಕನ್ನಡ ಅಕ್ಷರದಲ್ಲಿ ಸಹಿ.

ವಿಷಯ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಆ ವಾರ ಫ್ಯಾಕ್ಟರಿ ನಾಲ್ಕು ಜನ ಸೀಸನ್ ಕೆಲಸಗಾರರನ್ನು ಪರ್ಮನೆಂಟ್ ಮಾಡಲಿತ್ತು. ಪಟ್ಟಿಯಲ್ಲಿ ರತ್ನಮ್ಮನ ಹೆಸರು ಎರಡನೆಯದಾಗಿತ್ತು. ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಪಟ್ಟಿ ಚೆನ್ನೈಯ ಹೆಡ್ ಆಫೀಸಿಗೆ ಹೋಗಬೇಕಿತ್ತು. ಇಳಂಗೋ ಅವರು ಆಗಲೇ ಆ ಹೆಸರಿನ ಮೇಲೆ ಪೆನ್ಸಿಲ್ಲಿನ ಗೆರೆ ಎಳೆದಿದ್ದರು.

ನಾನು ಮೊದಲು ಕೆಳಗೆ ಹೋದೆ. ಉದ್ದನೆಯ ಬೆಲ್ಟಿನ ಎರಡೂ ಬದಿಗೆ ಹೆಂಗಸರು ನಿಂತು ಕೊಳೆತ ಹಣ್ಣು ಆರಿಸಿ ಹಾಕುತ್ತಿದ್ದರು. ರತ್ನಮ್ಮ ತುದಿಯಲ್ಲಿದ್ದರು. ನಲವತ್ತರ ಆಸುಪಾಸು, ಬೇರಿಕೆ ಕಡೆಯ ಹಳ್ಳಿಯವರು. ತಲೆಯೆತ್ತದೆ ಕೆಲಸ ಮಾಡುತ್ತಿದ್ದರು.

“ಅಕ್ಕಾ, ನಾನು ಟ್ಯಾಬ್ ಕಂಪನಿಯವಳು. ನಿನ್ನೆ ಏನಾಯ್ತು ಅಂತ ಸ್ವಲ್ಪ ಹೇಳ್ತೀರಾ?”

“ಏನ್ ಹೇಳಾದು ಮೇಡಂ. ನಿಮ್ ಮಿಷನ್ನೇ ಎಲ್ಲಾ ಹೇಳ್ಬುಟ್ಟೈತಲ್ಲ.”

“ಮುಳ್ಳು ನೂರಕ್ಕೆ ಬಂದಮೇಲೆ ತಾನೇ ಒತ್ತಿದ್ದು?”

ಅವರ ಕೈ ನಿಂತಿತು. “ಬಂದ್ಮೇಲೇ ಒತ್ತಿದ್ದು ಅಂತಾನೇ ಹೇಳ್ದೆ. ಮಿಷನ್ ಸುಳ್ಳು ಹೇಳ್ತೈತಾ ಅಂದ್ರು ಸಾರು. ಆರಕ್ಕಾರೂ ತಪ್ಪಾಗವೆ, ಪಕ್ಕದೋರದ್ದು ಒಂದೂ ತಪ್ಪಾಗಿಲ್ಲ. ನಂಗೂ ಅನುಮಾನ ಬಂತು ಕಣಮ್ಮ. ಮೀಟ್ರು ಗಾಜಿನ ಮೇಲೆ ಆವಿ ಕಟ್ಕಂತೈತೆ. ಎಂಬತ್ತೆಂಟಿದ್ದುದ್ನ ನೂರು ಅಂತ ನೋಡ್ಬುಟ್ನೇನೋ, ಕಣ್ಣು ಮಂಜಾಯ್ತೇನೋ ಅನ್ಕಂಡು ಸೈನ್ ಹಾಕ್ದೆ.”

“ಲೆಟರ್ ಓದಿದ್ರಾ?”

“ನಾನು ಏಳ್ನೇ ಕ್ಲಾಸ್ ಗಂಟ ಕನ್ನಡ ಸ್ಕೂಲು. ತಮಿಳು ಮಾತಾಡ್ತೀನಿ, ಓದಾಕ್ ಬರಾಕಿಲ್ಲ. ಸಾರೇ ಓದಿ ಹೇಳುದ್ರು. ಸುಳ್ಳೇನೂ ಓದ್ನಿಲ್ಲ ಬುಡಿ ಪಾಪ.”

ಎದುರು ಬದಿಯಲ್ಲಿದ್ದ ವೆಂಕಟಮ್ಮ ಎಂಬಾಕೆ ಗಟ್ಟಿಯಾಗಿ ಹೇಳಿದಳು: “ಎರಡ್ ವರ್ಷ ಒಬ್ಬಳೇ ಹೆಂಗಸು ಗಂಡಸ್ರ ಸರಿಸಮ ಮಿಷನ್ ನಡುಸ್ತಾ ಇದ್ಲು ಮೇಡಂ. ಈಗ ನೋಡಿ, ಬಂದು ನಮ್ ಜೊತೆ ಕಾಯಿ ಆರಿಸ್ತಾವ್ಳೆ. ನಮ್ಗಂತೂ ಮಾತಿಗೆ ಜೊತೆ ಸಿಕ್ತು.” ಯಾರೂ ನಗಲಿಲ್ಲ. ವೆಂಕಟಮ್ಮನೂ ನಗಲಿಲ್ಲ.

ಲ್ಯಾಬಿಗೆ ಹಿಂತಿರುಗಿ ಸೋಮವಾರದ ಪೂರ್ತಿ ಉಷ್ಣತೆಯ ಗೆರೆಯನ್ನು, ಅಂದರೆ ಅದರ ಗ್ರಾಫನ್ನು, ತೆರೆದೆ. ವರದಿಯಲ್ಲಿ ಮೊತ್ತ ಮಾತ್ರ ಇರುತ್ತದೆ. ಗೆರೆ ಬೇರೆ ಕಡೆ ಇರುತ್ತದೆ, ಅದನ್ನು ಯಾರೂ ತೆರೆಯುವುದಿಲ್ಲ. ಮೊದಲ ಬ್ಯಾಚಿನಲ್ಲಿ ರತ್ನಮ್ಮ ‘ಶುರು’ ಒತ್ತಿದ ಗುರುತಿನ ಬಳಿ ಉಷ್ಣತೆ ನಿಜಕ್ಕೂ ಕಡಿಮೆಯಿತ್ತು. ಇಳಂಗೋ ಅವರ ಆರೋಪಕ್ಕೆ ಅದು ಪುರಾವೆ. ಆದರೆ ಅವರು ‘ಮುಗಿಯಿತು’ ಒತ್ತಿ ಆವಿ ಮುಚ್ಚಿದ ಗುರುತಿನ ನಂತರವೂ ಗೆರೆ ನೂರರಲ್ಲೇ ನೆಟ್ಟಗೆ ಮುಂದೆ ಹೋಗಿತ್ತು. ಹನ್ನೆರಡು ನಿಮಿಷಕ್ಕಿಂತ ಹೆಚ್ಚು ಹೊತ್ತು. ಆವಿಯೇ ಇಲ್ಲದ ರಿಟಾರ್ಟ್ ಅಷ್ಟು ಹೊತ್ತು ಕುದಿಯುತ್ತಾ ಇರುವುದು ಹೇಗೆ? ಆರೂ ಬ್ಯಾಚುಗಳಲ್ಲಿ ಹೀಗೆಯೇ. ನೂರು ಡಿಗ್ರಿಯ ಭಾಗವನ್ನಷ್ಟೇ ಅಳೆದರೆ ಪ್ರತಿಯೊಂದೂ ಮೂವತ್ತು ನಿಮಿಷ. ಇಡೀ ಗೆರೆಯನ್ನೇ ಯಾರೋ ಹಿಡಿದು ಬಲಕ್ಕೆ ಸರಿಸಿದ ಹಾಗಿತ್ತು.

ಯಾರು ಸರಿಸಿದ್ದು ಎಂಬುದು ಒಂದು ಗಂಟೆ ಹುಡುಕಿದರೂ ತಿಳಿಯಲಿಲ್ಲ. ಪ್ಯಾನೆಲ್ಲಿನ ವೈರ್ ನೋಡಿದೆ. ಪೆಟ್ಟಿಗೆ ತನ್ನೊಳಗೆ ಬರೆದಿಟ್ಟಿದ್ದ ಲಾಗ್ ಓದಿದೆ. ಕಾಲು ತಾನಾಗಿ ಕುಣಿಯುತ್ತಿತ್ತು, ಮೇಜು ಅಲುಗಾಡಿ ಇಳಂಗೋ ಅವರು ಎರಡು ಸಲ ತಿರುಗಿ ನೋಡಿದರು. ಅಷ್ಟರಲ್ಲಿ ಚಹಾದ ಸೈರನ್ ಆಯಿತು. ಹನ್ನೊಂದರ ಸೈರನ್. ಅದು ಇದೇ ಲ್ಯಾಬಿನ ಕಂಪ್ಯೂಟರಿನಿಂದ ತಾನಾಗಿ ಹೊಡೆಯುತ್ತದೆ. ಗುರುಪ್ರಸಾದರಿಂದ ಏನಾದರೂ ಸಂದೇಶ ಬಂದಿದೆಯೇ ಎಂದು ಫೋನ್ ತೆಗೆದೆ. ಫೋನಿನಲ್ಲಿ ಹತ್ತು ನಲವತ್ತೇಳು.

ಕ್ಯಾಂಟೀನಿಗೆ ಇಳಿದುಹೋಗಿ, ಲೋಟ ಹಿಡಿದು ನಿಂತಿದ್ದ ವೆಂಕಟಮ್ಮನನ್ನು ಕೇಳಿದೆ: “ಈಗ ಟೈಮ್ ಎಷ್ಟು?”

“ಯಾವ ಟೈಮು?” ಎಂದಳು ಆಕೆ. “ಫ್ಯಾಕ್ಟ್ರಿ ಟೈಮಾ, ಫೋನ್ ಟೈಮಾ?”

ಅದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಬೇರಿಕೆ ಕಡೆಯಿಂದ, ಸೂಳಗಿರಿಯ ಸುತ್ತಲಿನ ಹಳ್ಳಿಗಳಿಂದ ಕೆಲಸಕ್ಕೆ ಬರುವವರು ತಡವಾಗಿ ಬರುತ್ತಾರೆಂದು ಹಿಂದೊಬ್ಬ ಮ್ಯಾನೇಜರು ಲ್ಯಾಬಿನ ಕಂಪ್ಯೂಟರಿನ ಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟಿದ್ದರು. ಸೈರನ್ ಮುಂಚೆ ಹೊಡೆಯಿತು, ಜನ ಮುಂಚೆ ಬಂದರು, ವ್ಯವಸ್ಥೆ ಹಾಗೆಯೇ ಉಳಿಯಿತು. ಆ ಕಂಪ್ಯೂಟರಿಗೆ ಇಂಟರ್‌ನೆಟ್ ಇರಲಿಲ್ಲವಾದ್ದರಿಂದ ಅದನ್ನು ತಿದ್ದುವವರೂ ಇರಲಿಲ್ಲ. ಹತ್ತು ನಿಮಿಷ ಮನುಷ್ಯರು ಮುಂದಿಟ್ಟಿದ್ದು, ಉಳಿದ ಎರಡು ನಿಮಿಷ ನಲವತ್ತು ಸೆಕೆಂಡ್ ಗಡಿಯಾರ ತಾನೇ ಓಡಿಕೊಂಡಿದ್ದು. ಗೋಡೆಯ ಗಡಿಯಾರವನ್ನೂ ಅದಕ್ಕೇ ಹೊಂದಿಸಿದ್ದರು. ಭಾನುವಾರ ಮೂರು ಗಂಟೆ ಹೊತ್ತು ಅದರ ಎದುರು ಕೂತು ನಾನು ಕೆಲಸ ಮಾಡಿದ್ದೆ.

ಹಳೆಯ ವರ್ಷನ್ನಿನಲ್ಲಿ ಇದರಿಂದ ತೊಂದರೆಯಿರಲಿಲ್ಲ. ಟ್ಯಾಬ್ ‘ಬಟನ್ ಒತ್ತಿದರು’ ಎಂದಷ್ಟೇ ಹೇಳುತ್ತಿತ್ತು, ಲ್ಯಾಬಿನ ಕಂಪ್ಯೂಟರ್ ತನ್ನ ಸಮಯ ಬರೆದುಕೊಳ್ಳುತ್ತಿತ್ತು. ಪ್ಯಾನೆಲ್ಲಿನ ಪೆಟ್ಟಿಗೆಯೂ ಸಮಯ ಕೇಳಿಕೊಳ್ಳುತ್ತಿದ್ದುದು ಅದೇ ಕಂಪ್ಯೂಟರಿನಿಂದ. ಮೂರೂ ಸೇರಿ ಒಂದೇ ತಪ್ಪು ಸಮಯದಲ್ಲಿದ್ದವು, ಆದ್ದರಿಂದ ಲೆಕ್ಕ ಸರಿಯಾಗಿತ್ತು. ಆದರೆ ರಿಟಾರ್ಟುಗಳಿರುವ ಶೆಡ್ಡಿನಲ್ಲಿ ವೈಫೈ ಆಗಾಗ ಹೋಗುತ್ತದೆ, ಬಟನ್ ಒತ್ತಿದ್ದು ಕಳೆದುಹೋಗುತ್ತದೆ ಎಂಬ ದೂರಿತ್ತು. ಅದಕ್ಕಾಗಿ 4.2ರಲ್ಲಿ ಟ್ಯಾಬ್ ತನ್ನದೇ ಸಮಯ ಬರೆದಿಟ್ಟುಕೊಂಡು ಆಮೇಲೆ ಕಳಿಸುವಂತೆ ಮಾಡಿದ್ದೆವು. ಟ್ಯಾಬಿನಲ್ಲಿ ಸಿಮ್ ಇತ್ತು, ಮೊಬೈಲ್ ನೆಟ್‌ವರ್ಕಿನಿಂದ ಬರುವ ಅದರ ಸಮಯ ನಿಜವಾದ ಸಮಯ. ನಿಜ ಹೇಳುವ ಒಂದೇ ಒಂದು ಯಂತ್ರ ರತ್ನಮ್ಮನ ಕೈಯಲ್ಲಿತ್ತು. ಹಾಗಾಗಿ ವರದಿಯಲ್ಲಿ ಅವರೊಬ್ಬರೇ ಸುಳ್ಳುಗಾರರಾದರು. ನಾಲ್ಕೂ ಟ್ಯಾಬಿಗೆ ಹಾಕಿದ್ದರೆ ನಾಲ್ಕೂ ಕೆಂಪಾಗುತ್ತಿದ್ದವು, ಯಾರೂ ಯಾರನ್ನೂ ಬೈಯದೆ ನಮಗೆ ಫೋನ್ ಮಾಡುತ್ತಿದ್ದರು. ನನ್ನ ಎಚ್ಚರವೇ ತಪ್ಪನ್ನು ಒಬ್ಬರ ತಲೆಗೆ ಕಟ್ಟಿತ್ತು.

ಹತ್ತು ನಿಮಿಷದಲ್ಲಿ ಆ ಟ್ಯಾಬಿಗೆ ಹಳೆಯ 4.1 ಹಾಕಿದೆ. ಆಮೇಲೆ ಬೆಲ್ಟಿನ ಬಳಿ ಹೋಗಿ ನಿಂತೆ. ನಾಲ್ಕು ಜನರೆದುರು ಮಾತಾಡುವುದು ನನಗೆ ಯಾವತ್ತೂ ಕಷ್ಟ.

“ತಪ್ಪು ನಮ್ಮದು ಅಕ್ಕಾ. ಭಾನುವಾರ ನಿಮ್ಮ ಟ್ಯಾಬಿಗೆ ಮಾತ್ರ ಹೊಸ ವರ್ಷನ್ ಹಾಕಿದ್ದೆ. ಅದರ ಟೈಮೂ ಲ್ಯಾಬಿನ ಟೈಮೂ ಹೊಂದಲಿಲ್ಲ. ನೀವು ಬೇಯಿಸಿದ್ದು ಸರಿಯಾಗಿ ಮೂವತ್ತು ನಿಮಿಷ.”

ರತ್ನಮ್ಮ ನನ್ನನ್ನೇ ನೋಡಿದರು. “ಭಾನ್ವಾರ ಹಾಕುದ್ರಾ?”

“ಹೌದು.”

“ನಂದಕ್ಕೊಂದಕ್ಕೇನಾ?”

“ಹೌದು.”

“ಮತ್ತೆ ಒಂದ್ ಮಾತು ಹೇಳ್ಬಾರ್ದಾಗಿತ್ತೇನಮ್ಮಾ? ಹೊಸ್ದು ಹಾಕವ್ರೆ ಅಂತ ಗೊತ್ತಿದ್ದಿದ್ರೆ, ಸಾರ್ ಮುಂದೆ ನಾನು ಅದ್ನೇ ಹೇಳ್ತಿದ್ದೆ. ನನ್ ಕಣ್ಣನ್ಯಾಕೆ ಅನುಮಾನಿಸ್ತಿದ್ದೆ?”

ಎದುರು ಬದಿಯಿಂದ ವೆಂಕಟಮ್ಮ ಹೇಳಿದಳು: “ಬುಡೇ ರತ್ನೀ. ಮೇಡಂ, ಆ ಗಡಿಯಾರದ ಕೈಲೂ ಒಂದು ಲೆಟರ್ ಬರೆಸ್ಕಳಿ. ಹತ್ತು ನಿಮಿಷ ಮೊದ್ಲೇ ಒತ್ತಿದ್ದು ನಿಜ ಅಂತ.” ಈ ಸಲ ಬೆಲ್ಟಿನುದ್ದಕ್ಕೂ ನಗು ಹರಿಯಿತು. ರತ್ನಮ್ಮ ನಗಲಿಲ್ಲ, ಒಂದು ಕೊಳೆತ ಹಣ್ಣನ್ನು ಬುಟ್ಟಿಗೆ ಎಸೆದರು.

ಇಳಂಗೋ ಅವರಿಗೆ ಗೆರೆಯನ್ನು ತೋರಿಸಿ ವಿವರಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಗಡಿಯಾರ ನಮ್ದು. ಸಾಫ್ಟ್‌ವೇರ್ ನಿಮ್ದು. ನಡುವೆ ಆ ಲೇಡಿ ಸಿಕ್ಕಿಹಾಕ್ಕೊಂಡ್ಲು. ಆದ್ರೆ ನೋಡುಮ್ಮಾ, ಬೆಳಿಗ್ಗೆ ನಾನು ಬರಹದಲ್ಲಿ ತಗೊಂಡಿದ್ದು. ಬಾಯಿ ಮಾತಿಗೆ ಅದನ್ನ ವಾಪಸ್ ಮಾಡಕ್ಕಾಗಲ್ಲ. ಬ್ಯಾಚ್ ಸರಿ ಇತ್ತು, ತಪ್ಪು ನಮ್ಮ ರಿಲೀಸ್‌ದು ಅಂತ ನಿಮ್ಮ ಕಂಪನಿ ಬರೆದು ಕೊಡ್ಲಿ. ನಾಳೆ ಒಂಬತ್ತರ ಒಳಗೆ. ಇಲ್ಲಾಂದ್ರೆ ಪಟ್ಟಿ ಮೂರು ಹೆಸರಲ್ಲಿ ಹೋಗತ್ತೆ.”

ಫ್ಯಾಕ್ಟರಿಯ ಗೇಟಿನ ಹೊರಗೆ ನಿಂತು ಗುರುಪ್ರಸಾದರಿಗೆ ಫೋನ್ ಮಾಡಿದೆ.

“ಅವರ ಗಡಿಯಾರ ತಪ್ಪಿದ್ರೆ ಅದು ಅವರ ತಪ್ಪು” ಎಂದರು. “ಸೈಟಿನಲ್ಲಿ ಕ್ಲಾಕ್ ವ್ಯತ್ಯಾಸ ಇತ್ತು, ಸರಿಪಡಿಸಲಾಗಿದೆ ಅಂತ ಒಂದು ಮೇಲ್ ಹಾಕಿ.”

“ಅದರಿಂದ ಅವರ ಲೆಟರ್ ರದ್ದಾಗಲ್ಲ ಸರ್. ನಮ್ಮ ರಿಲೀಸ್ ತಪ್ಪು ಲೆಕ್ಕ ಕೊಟ್ಟಿತು ಅಂತ ಬರೀಬೇಕು.”

“ಡೆಮೊ ವಾರದಲ್ಲಿ ಲೆಟರ್‌ಹೆಡ್ ಮೇಲೆ ಅದನ್ನ ಬರೀತೀರಾ? ನಾಳೆ ಹತ್ತಕ್ಕೆ ಬನ್ನಿ, ಕೂತು ಡ್ರಾಫ್ಟ್ ಮಾಡೋಣ. ಆತುರ ಬೇಡ.”

“ಒಂಬತ್ತಕ್ಕೆ ಪಟ್ಟಿ ಹೋಗತ್ತೆ ಸರ್.”

“ಮಾಲಿನಿ, ಆಯಮ್ಮ ನಮ್ಮ ಎಂಪ್ಲಾಯಿ ಅಲ್ಲ” ಎಂದು ಅವರು ಫೋನ್ ಇಟ್ಟರು. ಅವರನ್ನು ಕೆಟ್ಟವರೆಂದು ನಾನು ಹೇಳುವುದಿಲ್ಲ. ಹನ್ನೊಂದು ಜನರ ಸಂಬಳದ ಚಿಂತೆ ಅವರದು.

ಮನೆಗೆ ಬಂದು ಆ ಸಂಜೆಯೆಲ್ಲ ಕೋಣೆಯಲ್ಲಿ ಓಡಾಡಿದೆ. ಮನೆಯವರು ಊಟಕ್ಕೆ ಕರೆದರು. ಕೂತೆ, ಎದ್ದೆ. ಮೇಲ್ ಬರೆದೆ, ಅಳಿಸಿದೆ. ‘ವ್ಯತ್ಯಾಸ ಇತ್ತು, ಸರಿಪಡಿಸಲಾಗಿದೆ’ ಎಂಬ ವಾಕ್ಯವನ್ನೂ ಒಮ್ಮೆ ಬರೆದು ನೋಡಿದೆ. ಅದರಲ್ಲಿ ಸುಳ್ಳಿನ ಒಂದು ಅಕ್ಷರವೂ ಇರಲಿಲ್ಲ. ಅದನ್ನು ಕಳಿಸಿ ಮಲಗಿಬಿಡಬಹುದಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಆಮೇಲೆ ರಿಲೀಸ್ ನೋಟ್ ನೆನಪಾಯಿತು. ಲೆಟರ್‌ಹೆಡ್ಡಿನ ಪತ್ರ ಬರೆಯಲು ನನಗೆ ಅಧಿಕಾರವಿಲ್ಲ. ಆದರೆ ರಿಲೀಸ್ ನೋಟ್ ನನ್ನದು. ದೋಷ ಕಂಡುಬಂದಾಗ ಅದನ್ನು ತಿದ್ದಿ ಮರುಪ್ರಕಟಿಸಲು ಯಾರ ಅನುಮತಿಯೂ ಬೇಕಿಲ್ಲ. ಅದು ನನ್ನ ಕೆಲಸದ ವಿವರಣೆಯಲ್ಲೇ ಇದೆ. ಕೂತು ಬರೆದೆ. ವರ್ಷನ್ 4.2, ತಿದ್ದುಪಡಿ ಒಂದು. ಗೊತ್ತಿರುವ ದೋಷ: ಯಂತ್ರಗಳ ಗಡಿಯಾರಗಳು ಬೇರೆಬೇರೆ ಇರುವಲ್ಲಿ ಈ ರಿಲೀಸ್ ತಪ್ಪು ಲೆಕ್ಕ ಕೊಡುತ್ತದೆ, ಹಾಕುವ ಮುನ್ನ ಅದನ್ನು ಪರೀಕ್ಷಿಸಿರಲಿಲ್ಲ. ಪರಿಣಾಮ: ಎರಡನೇ ರಿಟಾರ್ಟಿನ ಸೋಮವಾರದ ಆರು ಬ್ಯಾಚುಗಳೂ ಮೂವತ್ತು ನಿಮಿಷ ಪೂರೈಸಿವೆ, ಗೆರೆಯ ಪ್ರತಿ ಲಗತ್ತಿಸಿದೆ, ಆಪರೇಟರ್ ಕಡೆಯಿಂದ ಯಾವ ತಪ್ಪೂ ಆಗಿಲ್ಲ. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ತಮಿಳಿನಲ್ಲಿ ಬರೆದೆ. ಕೊನೆಗೆ ಕನ್ನಡದಲ್ಲೂ ಬರೆದೆ. ನಮ್ಮ ಕಂಪನಿಯ ರಿಲೀಸ್ ನೋಟ್ ಕನ್ನಡದಲ್ಲಿ ಬಂದದ್ದು ಅದೇ ಮೊದಲು.

ನನ್ನ ಪರೀಕ್ಷಾ ಪಟ್ಟಿಗೆ ಅಂದೇ ಎರಡು ಸಾಲು ಸೇರಿಸಿದೆ, ಇಂದಿಗೂ ಇವೆ. ಅಲ್ಲಿಯ ಗಡಿಯಾರ ಯಾರಿಗಾಗಿ ಓಡುತ್ತಿದೆ ಎಂದು ಅಲ್ಲಿ ಕೆಲಸ ಮಾಡುವವರನ್ನು ಕೇಳು. ಹೊಸತನ್ನು ಮೊದಲು ಯಾರ ಕೈಗೆ ಕೊಡುತ್ತೀಯೋ ಅವರಿಗೆ ಹೇಳು. ಮೊದಲನೆಯದು ಎಂಜಿನಿಯರಿಂಗ್. ಎರಡನೆಯದನ್ನು ಏನೆಂದು ಕರೆಯಬೇಕೋ ಗೊತ್ತಿಲ್ಲ, ಆದರೆ ಅದನ್ನು ಬಿಟ್ಟು ನಾನು ಮತ್ತೆ ಯಾವ ರಿಲೀಸನ್ನೂ ಹೊರಬಿಟ್ಟಿಲ್ಲ.

ಬುಧವಾರ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಬಳಿಯ ಝೆರಾಕ್ಸ್ ಅಂಗಡಿಯವರು ಬಾಗಿಲು ತೆಗೆಯುವುದನ್ನೇ ಕಾದು ಭಾಷೆಗೊಂದರಂತೆ ಮೂರು ಪ್ರತಿ ಮುದ್ರಿಸಿಕೊಂಡೆ. ಅಲ್ಲಿಂದಲೇ ಗುರುಪ್ರಸಾದರಿಗೂ ಒಂದು ಪ್ರತಿ ಮೇಲ್ ಮಾಡಿದೆ. ತಮ್ಮ ಬೆನ್ನ ಹಿಂದೆ ಏನೋ ನಡೆಯಿತು ಎಂದು ಅವರಿಗೆ ಅನ್ನಿಸಬಾರದಿತ್ತು. ಫೋನನ್ನು ಚೀಲದೊಳಗೆ ಹಾಕಿ ಸೂಳಗಿರಿ ದಾಟಿ ಹೋದೆ. ಎಂಟು ಗಂಟೆಗೆ ಬೆಲ್ಟಿನ ಬಳಿಯಿದ್ದೆ.

ಕನ್ನಡದ ಪ್ರತಿಯನ್ನು ರತ್ನಮ್ಮನಿಗೆ ಕೊಟ್ಟೆ. ಅವರು ಕೈ ಒರೆಸಿಕೊಂಡು ಬೆಳಕಿಗೆ ಹೋಗಿ, ಒಂದೊಂದು ಪದದ ಕೆಳಗೂ ಬೆರಳಿಟ್ಟು ಕೊನೆಯವರೆಗೆ ಓದಿದರು. ಆಮೇಲೆ ಒಂದು ಕಡೆ ಬೆರಳು ನಿಲ್ಲಿಸಿದರು.

“ಆಪರೇಟರ್ ಅಂತ ಐತೆ. ಯಾರದು?”

“ನೀವೇ ಅಕ್ಕಾ.”

“ಅದ್ರಾಗೆ ರತ್ನಮ್ಮ ಅಂತ ಬರ್ಕಂಡಿದ್ರಲ್ಲ, ತಪ್ಪು ಮಾಡುದ್ಲು ಅನ್ನೋ ಕಾಗದ್ದಾಗೆ. ತಪ್ಪು ಮಾಡ್ನಿಲ್ಲ ಅನ್ನೋದ್ರಾಗೂ ನನ್ ಹೆಸ್ರು ಹಾಕು ಕಣಮ್ಮ.”

ಮೂರೂ ಪ್ರತಿಗಳಲ್ಲಿ ಆ ಪದ ಹೊಡೆದು, ಮೂರು ಲಿಪಿಯಲ್ಲಿ ಅವರ ಹೆಸರು ಬರೆದು, ಪ್ರತಿ ತಿದ್ದುಪಡಿಯ ಪಕ್ಕದಲ್ಲೂ ಸಹಿ ಮಾಡಿದೆ. ಮಹಡಿಗೆ ಹೋಗಿ ಇಳಂಗೋ ಅವರ ಮೇಜಿನ ಮೇಲಿಟ್ಟೆ. ಅವರು ಕೂರಲು ಹೇಳಿದರು. ನಿಂತೇ ಇದ್ದೆ. ಅವರು ತಮಿಳಿನದನ್ನು ಓದಿದರು, ಗೆರೆಯನ್ನು ಅಳತೆಪಟ್ಟಿಯಿಟ್ಟು ತಾವೇ ಅಳೆದರು. ನಿನ್ನೆಯ ಪತ್ರವನ್ನು ಫೈಲಿನಿಂದ ತೆಗೆದು ಅಡ್ಡಲಾಗಿ ‘ರದ್ದು’ ಎಂದು ಬರೆದು ಸಹಿ ಹಾಕಿದರು. ಕೊನೆಗೆ ರಬ್ಬರ್ ಹುಡುಕಿ ಪೆನ್ಸಿಲ್ಲಿನ ಗೆರೆ ಅಳಿಸಿದರು. “ಕೆಳಗೆ ಹೋಗಿ ನೀನೇ ಹೇಳುಮ್ಮಾ” ಎಂದರು. “ನನಗೆ ಈಗ ಆಕೆ ಮುಖ ನೋಡೋಕೆ ಧೈರ್ಯ ಇಲ್ಲ. ಮಧ್ಯಾಹ್ನ ಹೋಗ್ತೀನಿ.”

ಎರಡನೇ ನಂಬರಿನ ಟ್ಯಾಬನ್ನು ತೆಗೆದುಕೊಂಡು ಕೆಳಗಿಳಿದೆ. ರಿಟಾರ್ಟಿನ ಪಕ್ಕಕ್ಕೆ ರತ್ನಮ್ಮನನ್ನು ಕರೆದು, ಪಟ್ಟಿಯಲ್ಲಿ ಹೆಸರಿದೆ ಎಂದೆ. ಅವರು ಸೆರಗನ್ನು ಸೊಂಟಕ್ಕೆ ಬಿಗಿದು ಟ್ಯಾಬಿಗೆ ಕೈ ಚಾಚಿದರು. ಕೊಡುವ ಮೊದಲು ಪರದೆಯ ಮೂಲೆಯ ಸಣ್ಣ ಅಂಕಿಯನ್ನು ತೋರಿಸಿ, ಈಗ ಇದರಲ್ಲಿರುವುದು ಹಳೆಯ 4.1, ಈ ಅಂಕಿ ಬದಲಾದರೆ ಒಳಗೆ ಏನೋ ಬದಲಾಗಿದೆ ಎಂದು ಅರ್ಥ, ಬದಲಿಸುವ ಹಿಂದಿನ ದಿನ ನಾನೇ ಬಂದು ಹೇಳುತ್ತೇನೆ ಎಂದು ಹೇಳಿದೆ. ಇಷ್ಟನ್ನು ಹೇಳಿ ಮುಗಿಸಲು ಒಂದು ನಿಮಿಷವೂ ಬೇಕಾಗಲಿಲ್ಲ.